ಕ್ಯೂ ಖಾಲಿ ಮಾಡಲು ಇಡೀ ಟೇಬಲ್ ಅಳಿಸಬೇಡಿ

ನಮಸ್ಕಾರ ಸರ್. ಬಾಗಲಕೋಟೆ ನವನಗರದ ನಿಮ್ಮ ಆಫೀಸಿನ ಎಚ್‌ಮೇಲ್‌ಸರ್ವರ್‌ನಲ್ಲಿ (ವಿಂಡೋಸ್‌ನಲ್ಲಿ ಓಡುವ ಮೇಲ್ ಸರ್ವರ್ ಸಾಫ್ಟ್‌ವೇರ್) ಯಾರೋ ಪಾಸ್‌ವರ್ಡ್ ಕದ್ದು ಸ್ಪ್ಯಾಮ್ ತುಂಬಿದ್ದಾರೆ, ಡೇಟಾಬೇಸ್‌ನ ಮೆಸೇಜ್ ಟೇಬಲ್ ಖಾಲಿ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ.

ಹಾಗೆ ಮಾತ್ರ ಮಾಡಬೇಡಿ. ಎಲ್ಲರ ಇನ್‌ಬಾಕ್ಸ್ ಮೇಲ್‌ಗಳ ದಾಖಲೆಯೂ ಅದೇ 'ಎಚ್‌ಎಂ_ಮೆಸೇಜಸ್' ಟೇಬಲ್‌ನಲ್ಲೇ ಇರುತ್ತದೆ. ಗುರುತು ಹಿಡಿಯುವುದು 'ಮೆಸೇಜ್‌ಟೈಪ್' ಕಾಲಂನಿಂದ. 1 ಅಂದರೆ ಕ್ಯೂನಲ್ಲಿ, ಅಂದರೆ ಕಳಿಸಲು ಕಾಯುವ ಸಾಲಿನಲ್ಲಿ ನಿಂತದ್ದು, 2 ಅಂದರೆ ಖಾತೆಗೆ ತಲುಪಿದ್ದು. ನಿಮಗೆ ಬೇಕಾದ್ದು 1 ಮಾತ್ರ.

ಮೊದಲು ಪಾಸ್‌ವರ್ಡ್ ಕಳುವಾದ ಖಾತೆಯ ಪಾಸ್‌ವರ್ಡ್ ಬದಲಿಸಿ. ಇಲ್ಲದಿದ್ದರೆ ಸೋರುವ ಟಾಕಿಯ ನೀರು ಬಳಿದಂಗೆ, ಅಷ್ಟೇ. ಆಮೇಲೆ ಎಚ್‌ಮೇಲ್‌ಸರ್ವರ್ ಅಡ್ಮಿನಿಸ್ಟ್ರೇಟರ್ ಪ್ರೋಗ್ರಾಂನ ಸ್ಟೇಟಸ್ ಭಾಗದಲ್ಲಿ ಡೆಲಿವರಿ ಕ್ಯೂ ತೆರೆಯಿರಿ. ಅಲ್ಲೇ ಕ್ಲಿಯರ್ ಮಾಡುವ ಬಟನ್ ಇದೆ. ಜಾಸ್ತಿ ಜನಕ್ಕೆ ಇಷ್ಟೇ ಸಾಕು.

ಸಾವಿರಾರು ಮೇಲ್ ಇದ್ದು ಆ ಪ್ರೋಗ್ರಾಂ ಹ್ಯಾಂಗ್ ಆದರೆ ಮಾತ್ರ ಡೇಟಾಬೇಸ್‌ಗೆ ಕೈ ಹಾಕಿ. ಎಚ್‌ಮೇಲ್‌ಸರ್ವರ್ ಸರ್ವಿಸ್ ನಿಲ್ಲಿಸಿ, ಡೇಟಾಬೇಸ್ ಮತ್ತು ಮೇಲ್ ಫೈಲ್‌ಗಳಿರುವ ಡೇಟಾ ಫೋಲ್ಡರ್ ಎರಡರದ್ದೂ ಬ್ಯಾಕಪ್ ತೆಗೆಯಿರಿ. ಅಳಿಸುವ ಮುಂಚೆ 'ಮೆಸೇಜ್‌ಟೈಪ್' 1 ಎಂಬ ಅದೇ ಷರತ್ತು ಹಾಕಿ ಸೆಲೆಕ್ಟ್ (ಬರೀ ನೋಡುವ ಆದೇಶ) ಓಡಿಸಿ ಎಣಿಕೆ ನೋಡಿ. ಮೊದಲು ಯಾರಿಗೆ ಹೋಗಬೇಕು ಅಂತ ಬರೆದಿರುವ 'ಎಚ್‌ಎಂ_ಮೆಸೇಜ್‌ರೆಸಿಪಿಯಂಟ್ಸ್' ಟೇಬಲ್‌ನಿಂದ ಆ ಮೇಲ್‌ಗಳ ಸಾಲು ತೆಗೆಯಿರಿ, ನಂತರ ಮೆಸೇಜಸ್‌ನಿಂದ. ಕ್ರಮ ತಿರುಗಿದರೆ ಯಾವ ಸಾಲು ಯಾವ ಮೇಲ್‌ನದ್ದು ಅಂತ ಹುಡುಕುವುದು ಕಷ್ಟ, ಅಲ್ವಾ?

ಟೇಬಲ್‌ನಿಂದ ಅಳಿಸಿದರೂ ಇಎಂಎಲ್ ಫೈಲ್‌ಗಳು (ಒಂದೊಂದು ಮೇಲ್‌ನ ಪೂರ್ತಿ ಪ್ರತಿ) ಡಿಸ್ಕ್‌ನಲ್ಲಿ ಹಾಗೇ ಉಳಿಯುತ್ತವೆ. ಕ್ಯೂನವು ಡೇಟಾ ಫೋಲ್ಡರ್‌ನ ಮೇಲ್ಮಟ್ಟದಲ್ಲೇ ಬಿದ್ದಿರುತ್ತವೆ, ಅವನ್ನು ಬೇರೆ ಕಡೆ ಸರಿಸಿ. ಡೊಮೈನ್ ಹೆಸರಿನ ಫೋಲ್ಡರ್ ಮುಟ್ಟಬೇಡಿ.

ಸರ್ವಿಸ್ ಶುರು ಮಾಡಿದ ಮೇಲೆ ನಿಮ್ಮ ಸರ್ವರ್‌ನ ಐಪಿ ವಿಳಾಸ ಬ್ಲ್ಯಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸುವವರ ಪಟ್ಟಿ) ಸೇರಿದೆಯಾ ಅಂತಲೂ ನೋಡಿ.