ಮೊದಲು ಆ ಕಾಯಿಯ ಸದ್ದು ಹಿಡಿಯಿರಿ

ಪ್ರಶ್ನೆ: ಮೇಡಂ, ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ನಮ್ಮಜ್ಜಿ ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಕೊಬ್ಬರಿ ಆಯಿತೋ ಇಲ್ಲವೋ ಹೇಳುತ್ತಿದ್ದರು. ಅದರ ಬಗ್ಗೆ ಅರ್ಧ ಗಂಟೆಯ ಸಿನಿಮಾ ಮಾಡುವ ಆಸೆ. ಭಾನುವಾರ ಮಾತ್ರ ಬಿಡುವು. 80,000 ರೂಪಾಯಿ ಕೂಡಿಸಿದ್ದೇನೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳಲೋ, ಬಾಡಿಗೆಗೆ ತರಲೋ? ಮನೆಯಲ್ಲಿ ‘ಇದರಿಂದ ಏನು ಬರುತ್ತೆ’ ಅಂತ ಕೇಳುತ್ತಾರೆ.
– ಓದುಗ, ತಿಪಟೂರು ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕ್ಯಾಮೆರಾ ಕೊಳ್ಳಬೇಡಿ, ಬಾಡಿಗೆಗೂ ತರಬೇಡಿ. ಪತ್ರದ ಜೊತೆ ಕಳಿಸಿದ ಫೋಟೋಗಳನ್ನು ನಿಮ್ಮ ಮೊಬೈಲಿನಲ್ಲೇ ತೆಗೆದದ್ದು ಅಂದಿದ್ದೀರಿ. ಅಷ್ಟು ಸಾಕು. ನಿಮ್ಮ ಕಥೆ ಇರುವುದು ಕಣ್ಣಲ್ಲಲ್ಲ, ಕಿವಿಯಲ್ಲಿ. ಕಾಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವ ಆ ಸದ್ದು ನೋಡುವವರಿಗೆ ಕೇಳಿಸದಿದ್ದರೆ ನಿಮ್ಮ ಸಿನಿಮಾವೇ ಇಲ್ಲ, ಅಲ್ವಾ? ಹಾಗಾಗಿ ಮೊದಲ ದುಡ್ಡು ಮೈಕಿಗೆ. ಒಂದು ಸಣ್ಣ ರೆಕಾರ್ಡರು, ಎರಡು ಕಾಲರ್ ಮೈಕು. ಉಳಿದದ್ದರಲ್ಲಿ ದೊಡ್ಡ ಪಾಲು ಊಟಕ್ಕೆ.

ಇದನ್ನು ಪೆಟ್ಟು ತಿಂದು ಕಲಿತವಳು ಹೇಳುತ್ತಿದ್ದೇನೆ. ನಾನು ಸಾಗರದ ಕಡೆಯವಳು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಭಾನುವಾರ ಮತ್ತು ರಜಾ ದಿನಗಳಲ್ಲೇ ನಾಲ್ಕು ಚಿತ್ರ ಮಾಡಿದ್ದೇನೆ. ಮೊದಲನೆಯದರಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಜಗಲಿಯಲ್ಲಿ ಕೂತು, ಸತ್ತುಹೋದ ಮಗನ ಬಗ್ಗೆ ಮಾತಾಡುವ ದೃಶ್ಯ ಇತ್ತು. ಜೂನ್ ತಿಂಗಳು. ತಗಡಿನ ಮಾಡಿನ ಮೇಲೆ ಮಳೆ. ಕ್ಯಾಮೆರಾದ ಜೊತೆಗೇ ಇದ್ದ ಮೈಕನ್ನು ನಂಬಿದ್ದೆ. ಮನೆಗೆ ಬಂದು ಕೇಳಿದರೆ ಬರೀ ಮಳೆ. ನಾಲ್ಕು ತಿಂಗಳ ನಂತರ ಡಬ್ಬಿಂಗ್ ಮಾಡಿಸೋಣ ಅಂತ ಕೋಣೆಗೆ ಕಂಬಳಿ ಕಟ್ಟಿ ಅವರನ್ನು ಕೂರಿಸಿದೆ. ಅದೇ ಮಾತು, ಆದರೆ ಆ ದಿನದ ದನಿ ಬರಲೇ ಇಲ್ಲ. ‘ಅವತ್ತು ಅವನು ಎದುರಿಗೇ ಇದ್ದ ಹಾಗೆ ಇತ್ತು ಮಗಾ’ ಅಂದರು. ಆ ದೃಶ್ಯವನ್ನು ಕತ್ತರಿಸಿ ತೆಗೆದೆ. ಇವತ್ತಿಗೂ ಅದು ನನಗೆ ಸಂಕಟ.

ಆಮೇಲೆ ನನಗೆ ದಾರಿ ತೋರಿಸಿದ್ದು ಮೆಕ್ಸಿಕೋದ ಗಡಿಯಲ್ಲಿ ನಡೆದ ಒಂದು ಕೆಲಸ. ‘ಎಲ್ ಮಾರಿಯಾಚಿ’ ಎಂಬ ಚಿತ್ರ 1992ರದ್ದು. ರಾಬರ್ಟ್ ರೋಡ್ರಿಗಸ್ ಅದನ್ನು ಸುಮಾರು 7,000 ಡಾಲರಿನಲ್ಲಿ ಚಿತ್ರೀಕರಿಸಿದರು. ಕ್ಯಾಮೆರಾ ಸದ್ದು ಮಾಡುತ್ತಿತ್ತು, ಮಾತನ್ನು ಜೊತೆಯಲ್ಲೇ ಹಿಡಿಯುವಂತಿರಲಿಲ್ಲ. ಅದಕ್ಕೆ ಶಾಟ್ ಮುಗಿದ ಕೂಡಲೇ ಅದೇ ಜಾಗದಲ್ಲಿ, ಅದೇ ಬಿಸಿಯಲ್ಲಿ, ನಟರಿಂದ ಮೈಕಿನ ಹತ್ತಿರ ಮತ್ತೆ ಮಾತು ಹೇಳಿಸಿ ಟೇಪು ಮಾಡಿಕೊಂಡರು. ನೀವೂ ಹೀಗೇ ಮಾಡಿ. ನಾಲ್ಕು ತಿಂಗಳಾದ ಮೇಲೆ ಅಲ್ಲ, ನಾಲ್ಕು ನಿಮಿಷದೊಳಗೆ.

ನಿಮ್ಮ ಕಡೆ ತೋಟದ ಪಂಪ್‌ಸೆಟ್ಟು, ರೈಲು, ಎರಡೂ ಇವೆ. ಒಂದು ಭಾನುವಾರ ಸುಮ್ನೆ ಅಟ್ಟದ ಕೆಳಗೆ ಕಣ್ಣು ಮುಚ್ಚಿ ಕೂತು, ಯಾವ ಹೊತ್ತಿಗೆ ಯಾವ ಸದ್ದು ಅಂತ ಬರೆದಿಡಿ. ಕರೆಂಟು ಇಲ್ಲದ ಹೊತ್ತು ನಿಮಗೆ ವರ. ಫ್ರಿಜ್ಜು ಆರಿಸಿದರೆ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಮನೆಗೆ ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ. ರೇಡಿಯೋದಲ್ಲಿ ಸಿನಿಮಾ ಹಾಡು ಬರುತ್ತಿದ್ದರೆ ನಿಲ್ಲಿಸಿ, ಯೂಟ್ಯೂಬಿಗೆ ಹಾಕಿದಾಗ ಆ ಹಾಡೇ ಕಾಪಿರೈಟ್ ತಕರಾರು ತರುತ್ತದೆ. ಪ್ರತಿ ಜಾಗದಲ್ಲೂ ಯಾರೂ ಮಾತಾಡದ ಒಂದು ನಿಮಿಷ ಹಿಡಿದುಕೊಳ್ಳಿ, ಎಡಿಟಿಂಗಿನಲ್ಲಿ ತುಂಡುಗಳನ್ನು ಬೆಸೆಯುವುದು ಆ ಮೌನವೇ.

ಚಿತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಪಟಪಟ ಮಿನುಗಿದರೆ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಡಿ. ಬೆಳಕು ಸಾಲದಿದ್ದರೆ, ಇರುವ ಬೆಳಕನ್ನು ಮುಖದ ಕಡೆ ತಿರುಗಿಸಲು ಒಂದು ಥರ್ಮೋಕೋಲ್ ಹಾಳೆ. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ. ಸಂಜೆಯೇ ಎರಡು ಕಡೆ ಕಾಪಿ ಮಾಡಿಡಿ.

ಭಾನುವಾರದ ಸಿನಿಮಾಕ್ಕೆ ಬೇರೆಯೇ ಒಂದು ಕಷ್ಟ ಇದೆ. ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ ಶುರು ಮಾಡಿದಾಗ ಜಾಹೀರಾತು ಕಂಪನಿಯಲ್ಲಿ ಕೆಲಸದಲ್ಲಿದ್ದರು. ಬಿಳಿ ಕಾಶ ಹೂವಿನ ಬಯಲಿನಲ್ಲಿ ಅರ್ಧ ದೃಶ್ಯ ತೆಗೆದು ಮತ್ತೆ ಹೋದರೆ ದನಗಳು ಹೂವನ್ನೆಲ್ಲ ಮೇಯ್ದಿದ್ದವು. ಹೂವಿಗಾಗಿ ಮುಂದಿನ ವರ್ಷದವರೆಗೆ ಕಾದರು. 1952ರಲ್ಲಿ ಶುರುವಾದ ಚಿತ್ರ ತೆರೆಗೆ ಬಂದದ್ದು 1955ರಲ್ಲಿ. ನಿಮ್ಮ ನಟ ನಡುವೆ ಕೂದಲು ಕತ್ತರಿಸಿಕೊಳ್ಳುತ್ತಾನೆ, ಮಳೆ ಬಂದು ಅಂಗಳ ಹಸಿರಾಗುತ್ತದೆ. ಪ್ರತಿ ದಿನದ ಕೊನೆಗೆ ಬಟ್ಟೆ, ಕೂದಲು, ಪಾತ್ರೆ ಇಟ್ಟ ಜಾಗ, ಎಲ್ಲದರ ಫೋಟೋ ತೆಗೆದಿಡಿ. ಒಂದು ವಿಷಯದಲ್ಲಿ ನೀವು ಪುಣ್ಯವಂತರು. ಅಟ್ಟದ ಕಾಯಿ ಉಂಡೆ ಕೊಬ್ಬರಿಯಾಗಲು ಎಷ್ಟೋ ತಿಂಗಳು ಬೇಕು. ತಿಂಗಳಿಗೊಮ್ಮೆ ಅಟ್ಟ ಹತ್ತಿ, ಅದೇ ಕಾಯಿ ಅಲ್ಲಾಡಿಸಿ ರೆಕಾರ್ಡು ಮಾಡಿ. ನೀರಿನ ಸದ್ದು ಕಡಿಮೆಯಾಗುತ್ತಾ ಹೋಗಿ ಒಣ ಸದ್ದಾಗುವುದು ನಿಮ್ಮ ಹತ್ತಿರ ಇರುತ್ತದೆ. ಅದನ್ನು ಯಾವ ಸ್ಟುಡಿಯೋದಲ್ಲೂ ಕೊಳ್ಳಲು ಆಗುವುದಿಲ್ಲ.

ಪಾತ್ರಗಳಿಗೆ ಊರಿನವರನ್ನೇ ಕೇಳಿ. ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ನಟಿಸಿದರು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದಲ್ಲಿ ಅದು ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಪಡೆಯಿತು. ಆದರೆ ಯಾರನ್ನೂ ಬಿಟ್ಟಿ ದುಡಿಸಬೇಡಿ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಕೊಡಿ. ನನ್ನ ಎರಡನೇ ಚಿತ್ರಕ್ಕೆ 62,000 ಖರ್ಚಾಯಿತು, ಅದರಲ್ಲಿ 23,000 ಊಟ, ಕಾಫಿಗೆ. ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ಬಿಸಿ ಚಿತ್ರಾನ್ನ ತಿಂದ ಮೇಲೆ ಜನ ಹನ್ನೊಂದನೇ ಟೇಕಿಗೂ ನಗುತ್ತಲೇ ನಿಲ್ಲುತ್ತಾರೆ.

ಮನೆಯವರ ಪ್ರಶ್ನೆಗೆ ಸುಳ್ಳು ಹೇಳಬೇಡಿ. ದುಡ್ಡು ವಾಪಸ್ ಬರುವುದಿಲ್ಲ ಅಂತಲೇ ಹೇಳಿ. ಸಾಲ ಮಾಡಬೇಡಿ, ಒಡವೆ ಮುಟ್ಟಬೇಡಿ. 80,000 ದಾಟುವುದಿಲ್ಲ ಅಂತ ಮಾತು ಕೊಟ್ಟು, ಲೆಕ್ಕದ ಪುಸ್ತಕವನ್ನು ಅವರ ಕೈಗೇ ಕೊಡಿ. ನಮ್ಮ ಮನೆಯಲ್ಲಿ ಲೆಕ್ಕ ಬರೆಯಲು ಕೂತ ಯಜಮಾನರು ಮೂರನೇ ಚಿತ್ರದ ಹೊತ್ತಿಗೆ ಮೈಕು ಹಿಡಿದು ನಿಂತಿದ್ದರು.

ಒಂದು ಮಾತು ಕೇಳಬೇಕು. ಅಜ್ಜಿ ‘ಹೇಳುತ್ತಿದ್ದರು’ ಅಂತ ಬರೆದಿದ್ದೀರಿ. ಅವರು ಇನ್ನೂ ಇದ್ದಾರಾ? ಇದ್ದರೆ ಚಿತ್ರಕಥೆ, ಮೈಕು ಯಾವುದಕ್ಕೂ ಕಾಯಬೇಡಿ. ಈ ಭಾನುವಾರವೇ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದು, ಕೈಗೆ ಒಂದು ಕಾಯಿ ಕೊಡಿ.