ಹಳ್ಳದ ದಂಡೆಯ 40 ಎಕರೆ ಕಾಡು ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ?

ನೀವು ಕೇಳಿದ್ದು ಇಷ್ಟು: ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ ಎಚ್-1ಬಿ ವೀಸಾ ಮೇಲೆ ಕೆಲಸದಲ್ಲಿದ್ದೀರಿ. ಎರಡು ಗಂಟೆ ದಾರಿಯಲ್ಲಿ, ಓಝಾರ್ಕ್ ಗುಡ್ಡಗಳ ನಡುವೆ 40 ಎಕರೆ ಕಾಡು ಮಾರಾಟಕ್ಕಿದೆ, ಮಧ್ಯದಲ್ಲಿ ಹಳ್ಳ ಹರಿಯುತ್ತದೆ. ‘ಬೇಟೆ, ಮೀನು, ಕ್ಯಾಂಪಿಂಗಿಗೆ ಹೇಳಿ ಮಾಡಿಸಿದ ಜಾಗ’ ಅಂತ ಜಾಹೀರಾತು. ಪಕ್ಕದ ಗುಡ್ಡದ ಜಮೀನಿಗಿಂತ ಬೆಲೆ ಕಡಿಮೆ. ಮುಂದೆ ಒಂದು ಪುಟ್ಟ ಮನೆ ಕಟ್ಟಿಕೊಳ್ಳುವ ಆಸೆಯೂ ಇದೆ.

ಕೊಳ್ಳಬಹುದು. ನಾನೂ ಇದೇ ಸೀಮೆಯಲ್ಲಿ ಅಂಥ ಒಂದು ತುಂಡು ಇಟ್ಟುಕೊಂಡಿದ್ದೇನೆ, ಅದರ ಮೇಲಿನ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ. ಆದರೆ ಮನೆಯ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು ಯೋಚಿಸಿ. ಆ ಜಾಗ ಅಗ್ಗವಾಗಿರುವುದಕ್ಕೂ ಅಲ್ಲಿ ಜಿಂಕೆ, ಬಾತು, ಮೀನು ಇರುವುದಕ್ಕೂ ಕಾರಣ ಒಂದೇ, ನೀರು. ಹಳ್ಳ ಆಗಾಗ ಉಕ್ಕಿ ದಂಡೆ ದಾಟುತ್ತದೆ, ಇಳಿಯುವಾಗ ಮೆಕ್ಕಲು ಬಿಟ್ಟು ಹೋಗುತ್ತದೆ. ಆ ಮೆಕ್ಕಲಿನಲ್ಲೇ ಸಿಕಮೋರ್, ಬರ್ ಓಕ್, ಹ್ಯಾಕ್‌ಬೆರಿ, ಬ್ಲ್ಯಾಕ್ ವಾಲ್‌ನಟ್ ಮರಗಳು ದೈತ್ಯವಾಗಿ ಬೆಳೆಯುತ್ತವೆ. ಓಕ್ ಕಾಯಿ ಉದುರಿದಲ್ಲಿಗೆ ಜಿಂಕೆ, ಕಾಡು ಟರ್ಕಿ, ವುಡ್ ಡಕ್ ಎಲ್ಲ ಬರುತ್ತವೆ. ಈ ನೀರನ್ನು ಒಪ್ಪಿಕೊಂಡು ಕೊಳ್ಳುವವರಿಗೆ ಮಾತ್ರ ಇಂಥ ಜಮೀನು ಹೊಂದುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಬಿಸಿಲಿರುವ ಏಪ್ರಿಲ್ ಶನಿವಾರ ಏಜೆಂಟ್ ಜೊತೆ ಒಂದು ಸುತ್ತು ಹಾಕಿ ಮುಂಗಡ ಕೊಟ್ಟುಬಿಡಬೇಡಿ. ಜೋರು ಮಳೆಯ ಮಾರನೇ ದಿನ ಒಮ್ಮೆ ಹೋಗಿ, ಆಗಸ್ಟ್ ಕೊನೆಗೆ ಇನ್ನೊಮ್ಮೆ ಹೋಗಿ. ಮಳೆಯ ನಂತರ ಹೋಗಲು ಆಗದಿದ್ದರೂ ಮರಗಳೇ ಲೆಕ್ಕ ಒಪ್ಪಿಸುತ್ತವೆ. ಕಾಂಡದ ಮೇಲೆ ಒಣಗಿದ ಕೆಸರಿನ ಗೆರೆ ಎಲ್ಲಿಯವರೆಗಿದೆ ನೋಡಿ. ಕೊಂಬೆಗಳ ಸಂದಿಯಲ್ಲಿ ಹುಲ್ಲು, ಕಡ್ಡಿ, ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ಅದು ನಿಮ್ಮ ತಲೆಗಿಂತ ಮೇಲಿದ್ದರೆ ನೆರೆ ಅಷ್ಟು ಎತ್ತರಕ್ಕೆ ಬಂದಿತ್ತು ಎಂದೇ ಅರ್ಥ. 2017ರ ಏಪ್ರಿಲ್ ಕೊನೆಯಲ್ಲಿ ದಕ್ಷಿಣ ಮಿಸ್ಸೌರಿಯಲ್ಲಿ ಬಂದ ನೆರೆ ಸೇತುವೆಗಳನ್ನೇ ಕಿತ್ತುಕೊಂಡು ಹೋಗಿತ್ತು. ಆ ನೀರು ಈ ಜಾಗದಲ್ಲಿ ಎಲ್ಲಿಗೆ ಬಂದಿತ್ತು ಅಂತ ಪಕ್ಕದ ಜಮೀನಿನವರನ್ನು ಕೇಳಿ. ಮಾರುವವರಿಗಿಂತ ಅವರು ಬಿಚ್ಚಿ ಹೇಳುತ್ತಾರೆ.

ಆಗಸ್ಟ್ ಯಾಕೆ ಅಂದರೆ, ಓಝಾರ್ಕ್‌ನ ನೆಲದಡಿ ಇರುವುದು ಸುಣ್ಣಕಲ್ಲು ಮತ್ತು ಡಾಲೊಮೈಟ್. ನೀರು ಆ ಕಲ್ಲನ್ನು ಕರಗಿಸಿ ಒಳಗೆಲ್ಲ ಬಿರುಕು, ಗುಹೆ ಮಾಡಿಕೊಂಡಿದೆ. ಕೆಲವು ಹಳ್ಳಗಳು ಹರಿಯುತ್ತಾ ಹರಿಯುತ್ತಾ ನೆಲದೊಳಕ್ಕೆ ಇಂಗಿ, ಮೈಲಿಗಟ್ಟಲೆ ಆಚೆ ಬುಗ್ಗೆಯಾಗಿ ಏಳುತ್ತವೆ. ವಸಂತದಲ್ಲಿ ತುಂಬಿ ಹರಿದ ಹಳ್ಳ ಬೇಸಿಗೆಯ ಕೊನೆಗೆ ಬರೀ ಜಲ್ಲಿಯ ಹಾಸು ಆಗಿರಬಹುದು. ಆಗಲೂ ತಣ್ಣಗಿನ, ಆಳವಾದ ಮಡುಗಳು ಉಳಿದಿದ್ದರೆ, ಅದರಲ್ಲಿ ಸ್ಮಾಲ್‌ಮೌತ್ ಬಾಸ್, ಸನ್‌ಫಿಶ್ ಕಂಡರೆ, ಬುಗ್ಗೆಯ ಆಸರೆ ಇರುವ ಹಳ್ಳ ಅದು. ಅಂಥ ಹಳ್ಳಕ್ಕೆ ನಾನಾಗಿದ್ದರೆ ಸ್ವಲ್ಪ ಹೆಚ್ಚಿನ ಬೆಲೆಯನ್ನೂ ಕೊಡುತ್ತೇನೆ.

ಮನೆಯ ವಿಷಯ. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದವರ ನೆರೆ ನಕ್ಷೆ ಆನ್‌ಲೈನಲ್ಲಿ ಉಚಿತವಾಗಿ ಸಿಗುತ್ತದೆ. ಹಳ್ಳದ ಬಯಲು ಎ ಅಥವಾ ಎಇ ವಲಯದಲ್ಲಿದ್ದರೆ ಯಾವುದೇ ವರ್ಷ ಅಲ್ಲಿ ದೊಡ್ಡ ನೆರೆ ಬರುವ ಸಾಧ್ಯತೆ ಶೇ. 1 ಎಂದು ಅರ್ಥ. ಕೇಳಲಿಕ್ಕೆ ಚಿಕ್ಕದು, ಆದರೆ 30 ವರ್ಷದ ಸಾಲದ ಅವಧಿಗೆ ಲೆಕ್ಕ ಹಾಕಿದರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26 ಆಗುತ್ತದೆ. ಆ ವಲಯದಲ್ಲಿರುವ ಕಟ್ಟಡಕ್ಕೆ ಬ್ಯಾಂಕ್ ಸಾಲ ಬೇಕಾದರೆ ನೆರೆ ವಿಮೆ ಕಡ್ಡಾಯ, ಸೆಪ್ಟಿಕ್ ಟ್ಯಾಂಕಿಗೆ ಅನುಮತಿ ಸಿಗುವುದೂ ಕಷ್ಟ. ಮಣ್ಣು ತುಂಬಿಸಿ ಎತ್ತರ ಮಾಡಿಕೊಳ್ಳೋಣ ಅನ್ನಿಸಬಹುದು. ಹಳ್ಳಕ್ಕೋ ಜೌಗು ನೆಲಕ್ಕೋ ಮಣ್ಣು ಸುರಿಯುವುದು ಸ್ವಚ್ಛ ಜಲ ಕಾಯ್ದೆಯ 404ನೇ ಸೆಕ್ಷನ್ ಅಡಿ ಬರುತ್ತದೆ, ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನ ಪರವಾನಗಿ ಬೇಕಾಗಬಹುದು. ಅದರ ಬದಲು 40 ಎಕರೆಯಲ್ಲಿ ಗುಡ್ಡದ ಕಡೆಗೆ ಏರಿದ ಎರಡು ಮೂರು ಎಕರೆ ಇದೆಯೇ, ಅಲ್ಲಿಗೆ ಹಳ್ಳ ದಾಟದೆ ಹೋಗಬಹುದೇ ನೋಡಿ. ಇದ್ದರೆ ಮನೆಯ ಮಾತು ಅಲ್ಲಿ, ಇಲ್ಲದಿದ್ದರೆ ಟೆಂಟ್ ಸಾಕು.

ಊರಿನಲ್ಲಿ ಜಮೀನು ಕೊಳ್ಳುವಾಗ ನಮ್ಮ ಹಿರಿಯರು ಚೆಕ್ಕುಬಂದಿ ಮತ್ತು ದಾರಿ ಎರಡನ್ನೂ ಎಷ್ಟು ಸಲ ಕೇಳುತ್ತಿದ್ದರೋ ಅಷ್ಟೇ ಸಲ ಇಲ್ಲಿಯೂ ಕೇಳಬೇಕು. ಇಲ್ಲಿನ ಸರ್ವೆ ಪದ್ಧತಿಯಲ್ಲಿ ಒಂದು ಸೆಕ್ಷನ್ ಅಂದರೆ 640 ಎಕರೆ, ಒಂದು ಚದರ ಮೈಲಿ. ಅದರ ಹದಿನಾರನೇ ಒಂದು ಭಾಗವೇ 40 ಎಕರೆ, ಬದಿಗೆ 1,320 ಅಡಿಯ ಚೌಕ. ನಮ್ಮ ಲೆಕ್ಕದಲ್ಲಿ 1,600 ಗುಂಟೆ. ಕಾಗದದ ಮೇಲಿನ ಈ ಚೌಕ ಹಳ್ಳ, ಗುಡ್ಡ ಯಾವುದನ್ನೂ ಕೇಳುವುದಿಲ್ಲ. ಸುತ್ತ ನಾಲ್ಕೂ ಕಡೆ ಬೇರೆಯವರ ಜಮೀನಿದ್ದು ದಾರಿಯೇ ಇಲ್ಲದ ತುಂಡುಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ‘ಎಲ್ಲರೂ ಇಲ್ಲಿಂದಲೇ ಓಡಾಡುತ್ತಾರೆ’ ಅನ್ನುವ ಬಾಯಿಮಾತು ಬೇಡ. ದಾರಿಯ ಹಕ್ಕು ನೋಂದಣಿಯಾದ ಪತ್ರದಲ್ಲಿರಬೇಕು. ಗಡಿ ಹಳ್ಳದ ನಡುವೆ ಹಾದರೆ ಇನ್ನೊಂದು ಸೂಕ್ಷ್ಮವಿದೆ: ಹಳ್ಳ ನಿಧಾನವಾಗಿ ಕೊರೆಯುತ್ತಾ ಸರಿದರೆ ಗಡಿಯೂ ಅದರೊಂದಿಗೆ ಸರಿಯುತ್ತದೆ, ಒಂದೇ ನೆರೆಯಲ್ಲಿ ಪಾತ್ರ ಬದಲಿಸಿದರೆ ಗಡಿ ಹಳೆಯ ಜಾಗದಲ್ಲೇ ಉಳಿಯುತ್ತದೆ. ಖನಿಜದ ಹಕ್ಕು ಮತ್ತು ಮರದ ಹಕ್ಕು ಮೊದಲೇ ಬೇರೆಯವರಿಗೆ ಮಾರಿಹೋಗಿಲ್ಲ ಅನ್ನುವುದನ್ನೂ ಜಮೀನಿನ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಯಿಂದ ಖಚಿತಪಡಿಸಿಕೊಳ್ಳಿ. ದಪ್ಪ ವಾಲ್‌ನಟ್ ಮರಗಳ ಹೊಸ ಬೊಡ್ಡೆಗಳು ಕಂಡರೆ, ಮಾರುವ ಮೊದಲು ಒಳ್ಳೆಯದನ್ನೆಲ್ಲ ಕಡಿದು ಸಾಗಿಸಿದ್ದಾರೆ ಎಂದು ತಿಳಿಯಿರಿ.

ಹಳ್ಳ ನಿಮ್ಮ ಜಮೀನಿನಲ್ಲಿದ್ದ ಮಾತ್ರಕ್ಕೆ ನಿಮ್ಮೊಬ್ಬರದೇ ಅಲ್ಲ. 1954ರಲ್ಲಿ ಮಿಸ್ಸೌರಿ ಸುಪ್ರೀಂ ಕೋರ್ಟ್ ಎಲ್ಡರ್ ಮತ್ತು ಡೆಲ್ಕೂರ್ ನಡುವಿನ ಮೊಕದ್ದಮೆಯಲ್ಲಿ, ಮೆರಮೆಕ್ ನದಿಯ ತಳ ಖಾಸಗಿಯವರದಾದರೂ ಜನ ಅದರಲ್ಲಿ ದೋಣಿಯಲ್ಲಿ ಹೋಗಬಹುದು, ನೀರಿನಲ್ಲಿ ನಡೆಯಬಹುದು, ಮೀನು ಹಿಡಿಯಬಹುದು ಎಂದು ತೀರ್ಪು ಕೊಟ್ಟಿತು. ಕನೂ ಅನ್ನುವ ಸಣ್ಣ ದೋಣಿ ತೇಲುವಷ್ಟು ನೀರಿರುವ ಹಳ್ಳವಾದರೆ ಬೇಸಿಗೆಯ ಶನಿವಾರ ನಿಮ್ಮ ಕಾಡಿನ ನಡುವೆಯೇ ಹಾಡು ಹಾಕಿಕೊಂಡು ದೋಣಿಗಳ ಸಾಲು ಹೋಗುತ್ತದೆ. ಏಕಾಂತ ಬೇಕಿದ್ದರೆ ಚಿಕ್ಕ ಹಳ್ಳವೇ ಮೇಲು. ದಡದ ಮೇಲಿನ ಕಾಡಿಗೆ ಅಪರಿಚಿತರು ಬರಬಾರದು ಅನ್ನುವುದಕ್ಕೆ ಮಿಸ್ಸೌರಿಯಲ್ಲಿ 1993ರಿಂದ ಒಂದು ಚೆಂದದ ಕಾನೂನಿದೆ: ಗಡಿಯ ಮರಗಳಿಗೆ ಕನಿಷ್ಠ 8 ಇಂಚು ಉದ್ದದ ನೇರಳೆ ಬಣ್ಣದ ಲಂಬ ಗೆರೆ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ, 100 ಅಡಿಗಿಂತ ದೂರವಾಗದಂತೆ. ಇಷ್ಟು ಬಳಿದರೆ ‘ಪ್ರವೇಶವಿಲ್ಲ’ ಅನ್ನುವ ಫಲಕಕ್ಕೆ ಸಮ. ಫಲಕವನ್ನು ಕಿತ್ತು ಎಸೆಯಬಹುದು, ಬಣ್ಣವನ್ನು ಕೀಳಲಾಗದು.

ಇನ್ನು ಬೇಟೆ. ಭಾರತದ 1972ರ ವನ್ಯಜೀವಿ ಕಾಯ್ದೆಯ ನೆರಳಲ್ಲಿ ಬೆಳೆದ ನಮಗೆ ಇದು ಕಸಿವಿಸಿ ಅನ್ನಿಸುವುದು ಸಹಜ. ನಾನು ಸ್ವತಃ ಬೇಟೆಯಾಡುವುದಿಲ್ಲ, ಗಾಳ ಹಾಕುತ್ತೇನೆ ಅಷ್ಟೆ. ನವೆಂಬರಿನಲ್ಲಿ ಪಕ್ಕದ ಜಮೀನಿನವರಿಗೆ ಜಿಂಕೆ ಬೇಟೆಗೆ ಅನುಮತಿ ಕೊಡುತ್ತೇನೆ. ಇಲ್ಲಿ ಜಮೀನು ನಿಮ್ಮದಾದರೂ ಜಿಂಕೆ ರಾಜ್ಯದ್ದು. ಋತು, ಪರ್ಮಿಟ್, ಸಂಖ್ಯೆ ಎಲ್ಲವನ್ನೂ ಮಿಸ್ಸೌರಿ ಸಂರಕ್ಷಣಾ ಇಲಾಖೆ ನಿಗದಿ ಮಾಡುತ್ತದೆ. ಒಂದೇ ತುಂಡಿನಲ್ಲಿ 10 ಎಕರೆ ಅಥವಾ ಹೆಚ್ಚು ಇರುವ ರಾಜ್ಯದ ನಿವಾಸಿಗಳಿಗೆ ತಮ್ಮ ಜಮೀನಿನಲ್ಲಿ ಜಿಂಕೆ, ಟರ್ಕಿ ಬೇಟೆಗೆ ಉಚಿತ ಪರ್ಮಿಟ್ ಸಿಗುತ್ತದೆ. ಜೋಳ ಚೆಲ್ಲಿ ಅದಕ್ಕೆ ಬಂದ ಜಿಂಕೆಯನ್ನು ಹೊಡೆಯುವುದು ರಾಜ್ಯದಾದ್ಯಂತ ಅಪರಾಧ. 40 ಎಕರೆಯಲ್ಲಿ ‘ನಮ್ಮ ಜಿಂಕೆ’ ಅಂತ ಯಾವುದೂ ಇರುವುದಿಲ್ಲ. ಒಂದು ಜಿಂಕೆ ಅಡ್ಡಾಡುವ ವ್ಯಾಪ್ತಿ ಅದಕ್ಕಿಂತ ಬಹಳ ದೊಡ್ಡದು. ಅದಕ್ಕೇ ಪಕ್ಕದವರು ಹೇಗೆ ಬೇಟೆಯಾಡುತ್ತಾರೆ ಅನ್ನುವುದು ನಿಮ್ಮ ಕಾಡಿಗೂ ಸಂಬಂಧಿಸಿದ್ದು.

ನಿಮ್ಮ ವೀಸಾದ ಕಾರಣಕ್ಕೆ ಎರಡು ಮಾತು ಒತ್ತಿ ಹೇಳಬೇಕು. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ಆದರೆ ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗೆಳೆಯರ ಬಂದೂಕು ನಿಮ್ಮ ಕಾರಿನಲ್ಲಿ ಇರುವುದೂ ತೊಡಕಾಗಬಹುದು. ವಲಸೆ ವಕೀಲರನ್ನು ಕೇಳದೆ ಈ ಕಡೆ ಹೆಜ್ಜೆ ಇಡಬೇಡಿ. ಎರಡನೆಯದು, 1978ರ ಒಂದು ಫೆಡರಲ್ ಕಾಯ್ದೆಯ ಪ್ರಕಾರ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು ಕೃಷಿ ಭೂಮಿ ಕೊಂಡರೆ 90 ದಿನಗಳೊಳಗೆ ಫೆಡರಲ್ ಕೃಷಿ ಇಲಾಖೆಗೆ ವರದಿ ಕೊಡಬೇಕು. ಮರ ಬೆಳೆಸುವ ಕಾಡು ಭೂಮಿಯೂ ಇದರಲ್ಲಿ ಸೇರುತ್ತದೆ, ದಂಡ ಜಮೀನಿನ ಬೆಲೆಯ ಶೇ. 25ರವರೆಗೂ ಹೋಗಬಹುದು. ರಾಜ್ಯದ ಮಿತಿಗಳು ಬೇರೆ ಇವೆ. ಜಮೀನು ತೋರಿಸುವ ಏಜೆಂಟರಿಗೆ ಇದು ಗೊತ್ತಿರುತ್ತದೆ ಅಂತ ನಂಬಿ ಕೂರಬೇಡಿ.

ಇಷ್ಟೆಲ್ಲ ರಗಳೆ ಯಾಕೆ ಸಹಿಸಬೇಕು ಅಂದರೆ, ಸೆಪ್ಟೆಂಬರಿನಲ್ಲಿ ಹಳ್ಳದ ದಂಡೆಗೆ ಬಂದು ನೋಡಿ. ದೊಡ್ಡ ಮರಗಳ ನೆರಳಲ್ಲಿ ಉದ್ದನೆಯ ಎಲೆಗಳ, ಆಳೆತ್ತರದ ಪಾಪಾ ಗಿಡಗಳು ಗುಂಪಾಗಿ ನಿಂತಿರುತ್ತವೆ. ಇದು ನಮ್ಮ ಸೀತಾಫಲ, ರಾಮಫಲಗಳದ್ದೇ ಕುಟುಂಬ, ಉಷ್ಣವಲಯ ಬಿಟ್ಟು ಈ ಚಳಿಯ ಸೀಮೆಗೆ ಬಂದು ನೆಲೆಸಿದ ನೆಂಟ. ಹಸಿರು ಕಾಯಿ ಮೆತ್ತಗಾಗಿ ಗಿಡ ಅಲುಗಿಸಿದರೆ ಉದುರುವ ಹೊತ್ತಿಗೆ ಹಣ್ಣಾಗಿರುತ್ತದೆ. ಸೀಳಿದರೆ ಹಳದಿ ತಿರುಳು, ಬಾಳೆಹಣ್ಣು ಮಾವಿನಹಣ್ಣು ಕಲಸಿದಂಥ ರುಚಿ, ನಡುವೆ ಅವರೆಕಾಳಿಗಿಂತ ದೊಡ್ಡ ಕಂದು ಬೀಜಗಳು. ಬೇಗ ಕೆಡುವುದರಿಂದ ಅಂಗಡಿಗೆ ಬರುವುದು ಅಪರೂಪ. ಕಪ್ಪು ಬಿಳಿ ಪಟ್ಟೆಯ ಜೀಬ್ರಾ ಸ್ವಾಲೋಟೇಲ್ ಚಿಟ್ಟೆಯ ಹುಳು ಈ ಜಾತಿಯ ಎಲೆ ಬಿಟ್ಟು ಬೇರೆ ತಿನ್ನುವುದಿಲ್ಲ; ಚಿಟ್ಟೆ ಕಂಡರೆ ಹತ್ತಿರದಲ್ಲೇ ಗಿಡವೂ ಇರುತ್ತದೆ. ಬೇಸಿಗೆ ರಜೆಗೆ ಊರಿಂದ ಬಂದ ಅಪ್ಪ ಅಮ್ಮನನ್ನು ಮಾಲ್ ಸುತ್ತಿಸುವುದಕ್ಕಿಂತ ಇಂಥ ಕಡೆ ಜಲ್ಲಿ ದಿಬ್ಬದ ಮೇಲೆ ಚಾಪೆ ಹಾಸಿ ಕೂರಿಸುವುದು ಎಷ್ಟೋ ಮೇಲು.

ಉಣುಗಿನ ಬಗ್ಗೆ ಎಚ್ಚರ. ಮಂಗನ ಕಾಯಿಲೆಯ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಲೋನ್ ಸ್ಟಾರ್ ಉಣುಗು ಕಚ್ಚಿದರೆ ಕೆಲವರಿಗೆ ಕುರಿ, ದನ, ಹಂದಿ ಮಾಂಸಕ್ಕೆ ಅಲರ್ಜಿ ಶುರುವಾಗುತ್ತದೆ, ಕೆಲವರಿಗೆ ಹಾಲಿಗೂ. ಬಟ್ಟೆಗೆ ಪರ್ಮೆಥ್ರಿನ್ ಸಿಂಪಡಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ತಕ್ಷಣ ಮೈಯೆಲ್ಲ ನೋಡಿಕೊಳ್ಳಿ.

ಸದ್ಯಕ್ಕೆ ಒಂದು ಕೆಲಸ ಮಾಡಿ: ಕೌಂಟಿಯ ಜಮೀನು ನಕ್ಷೆಯನ್ನೂ ಫೆಮಾ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು, ನೆರೆ ವಲಯದ ಹೊರಗೆ ಎಷ್ಟು ಎಕರೆ ಉಳಿಯುತ್ತದೆ, ರಸ್ತೆ ಯಾವ ಕಡೆಯಿಂದ ಬರುತ್ತದೆ ಅನ್ನುವುದನ್ನು ಕೆಳಗೆ ಬರೆಯಿರಿ. ಅದು ಗೊತ್ತಾದರೆ ಎಷ್ಟಕ್ಕೆ ಕೇಳಬಹುದು ಅಂತ ಇನ್ನಷ್ಟು ನಿಖರವಾಗಿ ಹೇಳುತ್ತೇನೆ.