ಸಿನಗಾಗ್‌ನಲ್ಲಿ ವಾರವಿಡೀ ಏನು ನಡೆಯುತ್ತದೆ? ಯಹೂದಿ ಅಲ್ಲದವರು ಹೋಗಬಹುದೇ?

ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ. ನೀವು ಕೇಳಿರುವುದು ಮೂರು ಪ್ರಶ್ನೆ. ಶನಿವಾರ ಬಿಟ್ಟು ಉಳಿದ ದಿನ ಸಿನಗಾಗ್‌ಗೆ ಬೀಗ ಹಾಕಿರುತ್ತಾರೆಯೇ, ಒಳಗೆ ಪೂಜೆ ಮಾಡುವವರು ಯಾರು, ನಮ್ಮಂಥವರನ್ನು ಒಳಗೆ ಬಿಡುತ್ತಾರೆಯೇ. ನಾನು ಯಹೂದಿ ಅಲ್ಲ. ಕುಮಟಾ ಕಡೆಯವನು, ಕೆಲಸ ಹುಡುಕಿಕೊಂಡು ಬಂದು ಠಾಣೆಯಲ್ಲೇ ಬೇರು ಬಿಟ್ಟವನು. ನಮ್ಮ ಎದುರುಮನೆಯವರು ಬೆನೆ ಇಸ್ರೇಲರು, ಅಂದರೆ ಕೊಂಕಣ ಮೂಲದ, ಮರಾಠಿ ಮಾತಾಡುವ ಯಹೂದಿಗಳು. ಆ ಮನೆಯ ಕಾಕಾ ಜೊತೆ ವರ್ಷಗಳಿಂದ ಅವರ ಪ್ರಾರ್ಥನೆಗೂ ಮದುವೆ ಮುಂಜಿಗೂ ಹೋಗಿ ಕೂತವನು. ಹಾಗಾಗಿ ನಾನು ಹೇಳುವುದು ಮುಂಬೈ, ಠಾಣೆಯ ಸಿನಗಾಗ್‌ಗಳ ಸಂಗತಿ. ನ್ಯೂಯಾರ್ಕಿನದು, ಜೆರುಸಲೇಮಿನದು ಬೇಕಾದವರಿಗೆ ಅಲ್ಲಿಯವರೇ ಹೇಳಲಿ.

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಿಡಿಸಿಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಲ್ಲಿ ಪೂಜೆ ಇಲ್ಲ, ಪೂಜಾರಿಯೂ ಇಲ್ಲ. ಪ್ರಾರ್ಥನೆಯನ್ನು ರಾಗವಾಗಿ ಹೇಳಿಕೊಡುವ ಹಜ್ಜಾನ್ ಒಬ್ಬರಿರುತ್ತಾರೆ. ಬೆನೆ ಇಸ್ರೇಲರಲ್ಲಿ ರಬ್ಬಿಗಳ, ಅಂದರೆ ಧರ್ಮಗುರುಗಳ, ಪರಂಪರೆಯೇ ಬೆಳೆಯಲಿಲ್ಲ. ಹೀಬ್ರೂ ಚೆನ್ನಾಗಿ ಬಲ್ಲ, ಕಂಠ ಇರುವ ಯಾರಾದರೂ ಹಜ್ಜಾನ್ ಆಗಬಹುದು. ಆದರೆ ಹಜ್ಜಾನ್ ಒಬ್ಬರೇ ಬಂದರೆ ಏನೂ ನಡೆಯುವುದಿಲ್ಲ. ಹದಿಮೂರು ತುಂಬಿದ ಗಂಡಸರು ಹತ್ತು ಮಂದಿ ಸೇರಬೇಕು. ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ನಮ್ಮ ದೇವಸ್ಥಾನದಲ್ಲಿ ಒಬ್ಬ ಭಕ್ತನೂ ಬಾರದಿದ್ದರೂ ಭಟ್ಟರು ಹೊತ್ತಿಗೆ ಸರಿಯಾಗಿ ಮಂಗಳಾರತಿ ಎತ್ತಿ ನೈವೇದ್ಯ ತೋರಿಸಿ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ದೇವರ ಲೆಕ್ಕ ಚುಕ್ತಾ. ಇಲ್ಲಿ ಒಂಬತ್ತು ಮಂದಿ ಬಂದರೆ ತಮ್ಮ ತಮ್ಮ ಪ್ರಾರ್ಥನೆ ಹೇಳಿಕೊಳ್ಳಬಹುದು, ಅಷ್ಟೇ. ತೋರಾ ಎಂಬ ಧರ್ಮಗ್ರಂಥದ ಸುರುಳಿಯನ್ನು ಹೊರತೆಗೆದು ಓದುವಂತಿಲ್ಲ, ಕದ್ದೀಶ್ ಎಂಬ ಸ್ತೋತ್ರ ಹೇಳುವಂತಿಲ್ಲ. ಸಿನಗಾಗ್‌ನ ಇಡೀ ವಾರ ಈ ಹತ್ತರ ಸುತ್ತಲೇ ತಿರುಗುತ್ತದೆ ಎಂಬುದು ನಾನು ನೋಡಿ ತಿಳಿದದ್ದು.

ಇದು ನನಗೆ ಅರ್ಥವಾದದ್ದು ಕಾಕಾನ ತಂದೆ ತೀರಿಕೊಂಡ ವರ್ಷ. ತಂದೆ ತಾಯಿ ಹೋದರೆ ಮಗ ಹನ್ನೊಂದು ತಿಂಗಳು ದಿನವೂ ಕದ್ದೀಶ್ ಹೇಳಬೇಕು. ಅದು ಅರಮಾಯಿಕ್ ಭಾಷೆಯ ಪುಟ್ಟ ಸ್ತೋತ್ರ. ಸಾವಿನ ಸುದ್ದಿಯೇ ಅದರಲ್ಲಿಲ್ಲ, ಬರೀ ದೇವರ ಮಹಿಮೆ. ಮನೆಯಲ್ಲಿ ಕೂತು ಒಬ್ಬನೇ ಹೇಳಿ ಮುಗಿಸುವ ಹಾಗಿಲ್ಲ, ಹತ್ತು ಜನರ ನಡುವೆಯೇ ನಿಂತು ಹೇಳಬೇಕು, ಉಳಿದವರು ಆಮೆನ್ ಅನ್ನಬೇಕು. ಶನಿವಾರ ಹತ್ತು ಜನ ಸೇರುವುದು ಸುಲಭ. ಬುಧವಾರ ಸಂಜೆ? ಲೋಕಲ್ ಟ್ರೇನಿನ ಊರಿನಲ್ಲಿ? ಕಾಕಾ ಆಫೀಸು ಬಿಟ್ಟು ಹತ್ತಿರದ ಒಂದು ಹಳೆಯ ಸಿನಗಾಗ್‌ಗೆ ಓಡುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ತಲೆ ಎಣಿಸುವಾಗ ಒಂದು, ಎರಡು ಅನ್ನುವುದಿಲ್ಲ. ಮನುಷ್ಯರನ್ನು ಹಾಗೆ ಎಣಿಸಬಾರದಂತೆ. ಹತ್ತು ಪದಗಳ ಒಂದು ವಚನವಿದೆ, ತಲೆಗೊಂದು ಪದ ಹೇಳುತ್ತ ಹೋಗುತ್ತಾರೆ. ಅವತ್ತು ವಚನ ಒಂಬತ್ತನೇ ಪದಕ್ಕೆ ನಿಂತಿತು. ಹತ್ತನೆಯವನಾಗಿ ನಾನು ಎದುರಿಗೇ ಟೋಪಿ ಹಾಕಿಕೊಂಡು ಕೂತಿದ್ದೇನೆ, ಆದರೆ ನಾನು ಲೆಕ್ಕಕ್ಕಿಲ್ಲ. ಯಾರೋ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ, ಕಾಲೇಜಿನವನಿರಬೇಕು, ಬೆವರು ಒರೆಸುತ್ತ ಬಂದು ಕೂತ. ಯಾರೂ ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ, ಅವನೂ ನಿರೀಕ್ಷಿಸಿದಂತೆ ಕಾಣಲಿಲ್ಲ. ನಾಳೆ ಅವನ ಮನೆಗೂ ಇದೇ ಹತ್ತು ಜನ ಬೇಕು.

ಧರ್ಮಗಳನ್ನು ತೂಗಿ ನೋಡುವುದು ನನ್ನ ಕೆಲಸವಲ್ಲ. ಆದರೂ ಹೇಳುತ್ತೇನೆ, 'ನಾನಿಲ್ಲದಿದ್ದರೂ ನಡೆಯುತ್ತದೆ' ಎಂದು ನುಣುಚಿಕೊಳ್ಳಲು ಜಾಗ ಕೊಡದ ಏರ್ಪಾಡು ಇದು.

ಹೆಂಗಸರ ಲೆಕ್ಕ ಏನು ಎಂದು ಕೇಳುತ್ತೀರಿ, ನಾನೂ ಕೇಳಿದ್ದೆ. ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ಅವರು ಹತ್ತರ ಎಣಿಕೆಗೆ ಬರುವುದಿಲ್ಲ, ಬೇರೆಯೇ ಕೂರುತ್ತಾರೆ; ಹಳೆಯ ಕಟ್ಟಡಗಳಲ್ಲಿ ಮೇಲೆ ಅವರಿಗಾಗಿ ಗ್ಯಾಲರಿ ಇರುತ್ತದೆ. ಸುಧಾರಣಾವಾದಿ ಯಹೂದಿಗಳು ಈ ಭೇದ ಬಿಟ್ಟಿದ್ದಾರೆ. ಮುಂಬೈಯಲ್ಲಿ ಆ ದಾರಿಯ ಜೂಯಿಷ್ ರಿಲಿಜಿಯಸ್ ಯೂನಿಯನ್ 1925ರಲ್ಲೇ ಹುಟ್ಟಿತು. ಅದನ್ನು ಹುಟ್ಟುಹಾಕಿದವರು ಡಾ. ಜೆರೂಶಾ ಝಿರಾಡ್ ಎಂಬ ಸ್ತ್ರೀರೋಗತಜ್ಞೆ. ಲಂಡನ್ನಿನಲ್ಲಿ ಓದಿ ಬಂದು ಮುಂದೆ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು, 1966ರಲ್ಲಿ ಪದ್ಮಶ್ರೀ ಬಂತು. ಅವರು ಹುಟ್ಟಿದ್ದು ಎಲ್ಲಿ ಗೊತ್ತೇ? ಶಿವಮೊಗ್ಗದಲ್ಲಿ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ.

ಈಗ ವಾರದ ವಿಷಯ. ದಿನಕ್ಕೆ ಮೂರು ಪ್ರಾರ್ಥನೆ: ಬೆಳಗಿನದು, ಮಧ್ಯಾಹ್ನದ ಮೇಲಿನದು, ರಾತ್ರಿಯದು. ಹತ್ತು ಜನ ಸಿಗದ ಕಡೆ ವಾರದ ದಿನಗಳಲ್ಲಿ ಎಲ್ಲರೂ ಮನೆಯಲ್ಲೇ ಹೇಳಿಕೊಳ್ಳುತ್ತಾರೆ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ತೋರಾದಿಂದ ಪುಟ್ಟ ಭಾಗ ಓದಬೇಕು, ಆಗ ಮೂವರನ್ನು ಕರೆದು ಗೌರವಿಸುತ್ತಾರೆ. ಬಾಕಿ ದಿನ ಹೇಳಿಕೊಳ್ಳುವಂಥದ್ದೇನಿಲ್ಲ.

ಶುಕ್ರವಾರ ಸೂರ್ಯ ಮುಳುಗುವಾಗ ವಾರದ ವಿಶ್ರಾಂತಿ ದಿನವಾದ ಶಬ್ಬತ್ ಶುರು. ಮುಳುಗುವ ಮೊದಲೇ ಅಡುಗೆ ಮುಗಿದು, ದೀಪ ಹಚ್ಚಿಯಾಗಿರಬೇಕು. ಆಮೇಲೆ ಬೆಂಕಿ ಹೊತ್ತಿಸುವಂತಿಲ್ಲ. ಸಿನಗಾಗ್‌ನಲ್ಲಿ ಆ ಸಂಜೆ ಶಬ್ಬತ್ತನ್ನು ಮದುಮಗಳೆಂದು ಕರೆಯುವ ಹಾಡು ಹೇಳುತ್ತಾರೆ. ಕೊನೆಯ ಚರಣ ಬಂದಾಗ ಎಲ್ಲರೂ ಬಾಗಿಲ ಕಡೆ ತಿರುಗಿ ತಲೆ ಬಾಗುತ್ತಾರೆ. ಮೊದಲ ಸಲ ನಾನೂ ತಿರುಗಿ ಯಾರು ಬಂದರು ಎಂದು ನೋಡಿದ್ದೆ! ಪ್ರಾರ್ಥನೆ ಮುಗಿದ ಮೇಲೆ ಕಿದ್ದೂಶ್, ಅಂದರೆ ಪಾನದ ಬಟ್ಟಲು ಹಿಡಿದು ಹೇಳುವ ಸ್ತುತಿ. ಬೇರೆ ದೇಶಗಳಲ್ಲಿ ಅದಕ್ಕೆ ವೈನ್ ಬೇಕು. ಕೊಂಕಣದ ಹಳ್ಳಿಗಳಲ್ಲಿ ವೈನ್ ಎಲ್ಲಿಂದ ಬರಬೇಕು? ಬೆನೆ ಇಸ್ರೇಲರು ಕಪ್ಪು ಒಣದ್ರಾಕ್ಷಿ ನೆನೆಸಿ, ಹಿಂಡಿ ಶರಬತ್ತು ಮಾಡಿಕೊಂಡರು. ಈಗ ಮುಂಬೈಯಲ್ಲಿ ವೈನ್ ಬೇಕಾದಷ್ಟು ಸಿಗುತ್ತದೆ, ಆದರೂ ಶರಬತ್ತು ಹೋಗಿಲ್ಲ. ನಮ್ಮ ಎದುರುಮನೆಯ ಕಾಕಿ ಮಾಡುವ ಶರಬತ್ತು ಕುಡಿದವರು ವೈನ್ ಕೇಳಲಾರರು.

ಶನಿವಾರ ಬೆಳಗಿನದು ದೊಡ್ಡ ಪ್ರಾರ್ಥನೆ, ಎರಡು ಮೂರು ತಾಸು. ಹೊಸಬರಿಗೆ ಬೇಸರ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಎಲ್ಲ ಹೀಬ್ರೂ. ಜನ ತಡವಾಗಿ ಬರುತ್ತಾರೆ, ಮಕ್ಕಳು ಓಡಾಡುತ್ತವೆ, ಹಿಂದಿನ ಬೆಂಚಿನಲ್ಲಿ ಮರಾಠಿಯಲ್ಲಿ ಕ್ರಿಕೆಟ್ ಚರ್ಚೆಯಾಗುತ್ತದೆ, ಯಾರೋ ಶ್ಶ್ ಅನ್ನುತ್ತಾರೆ. ಆದರೆ ತೋರಾ ಇಡುವ ಕಪಾಟಾದ ಹೇಖಾಲ್‌ನ ಪರದೆ ಸರಿದು ತೋರಾ ಹೊರಬಂದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆದ ಸುರುಳಿ, ಅದಕ್ಕೊಂದು ಕರಂಡಕ. ಅದನ್ನು ನಡುವಿನ ಕಟಕಟೆಯಂಥ ವೇದಿಕೆಗೆ, ಅಂದರೆ ತೇಬಾಕ್ಕೆ, ತಂದು ನಿಲ್ಲಿಸಿ ಓದುತ್ತಾರೆ. ಅಕ್ಷರಗಳಿಗೆ ಸ್ವರಚಿಹ್ನೆ ಇಲ್ಲ, ವಿರಾಮಚಿಹ್ನೆ ಇಲ್ಲ, ರಾಗದ ಗುರುತೂ ಇಲ್ಲ; ಎಲ್ಲ ಓದುವವನ ನೆನಪಿನಲ್ಲಿರಬೇಕು. ಬೆಳ್ಳಿಯ ಕಡ್ಡಿಯಿಂದ ಸಾಲು ತೋರಿಸುತ್ತ ಓದುತ್ತಾನೆ. ಒಂದು ಉಚ್ಚಾರ ತಪ್ಪಿದರೂ ಸಭೆಯಿಂದ ಯಾರಾದರೂ ಜೋರಾಗಿ ತಿದ್ದುತ್ತಾರೆ, ಅವನು ಹಿಂದೆ ಹೋಗಿ ಮತ್ತೆ ಓದಬೇಕು. ಯಾರಿಗೂ ಅವಮಾನವಾಗುವುದಿಲ್ಲ.

ಐದು ಪುಸ್ತಕಗಳ ತೋರಾವನ್ನು 54 ಭಾಗ ಮಾಡಿದ್ದಾರೆ. ವಾರಕ್ಕೊಂದರಂತೆ (ಕೆಲವು ವಾರ ಎರಡು ಸೇರಿಸಿ) ಓದಿ ವರ್ಷಕ್ಕೆ ಮುಗಿಸಿ, ಸಿಮ್ಹಾತ್ ತೋರಾ ಹಬ್ಬದಂದು ಕೊನೆಯ ಸಾಲು ಓದಿದವರು ಕೂತಲ್ಲೇ ಮೊದಲ ಸಾಲು ಓದುತ್ತಾರೆ. ಪ್ರತಿ ಶನಿವಾರ ಏಳು ಜನರನ್ನು ಓದಿಗೆ ಕರೆಯುತ್ತಾರೆ: ಮದುಮಗ, ಹದಿಮೂರು ತುಂಬಿದ ಹುಡುಗ, ಇಸ್ರೇಲಿನಿಂದ ರಜೆಗೆ ಬಂದ ಸೋದರಳಿಯ. ಯಾರನ್ನು ಕರೆದರು, ಯಾರನ್ನು ಬಿಟ್ಟರು ಎಂಬುದರ ಮೇಲೆ ಒಳಗೊಳಗೇ ಸಿಟ್ಟು ಸೆಡವೂ ಇರುತ್ತದೆ. ಹಬ್ಬಗಳಲ್ಲಿ ಈ ಗೌರವಗಳನ್ನು ಸವಾಲು ಕೂಗುವ ಪದ್ಧತಿಯೂ ಹಲವೆಡೆ ಉಂಟು. ಹಣ ಮಾತ್ರ ಅವತ್ತು ಕೈಯಲ್ಲಿ ಮುಟ್ಟುವಂತಿಲ್ಲ, ಹಬ್ಬ ಕಳೆದ ಮೇಲೆ ಕೊಡಬೇಕು.

ಬೆನೆ ಇಸ್ರೇಲರದೇ ಆದ ಒಂದು ಪದ್ಧತಿ ನನಗೆ ಬಹಳ ಇಷ್ಟ. ಪ್ರಾರ್ಥನೆ ಮುಗಿದ ಮೇಲೆ ಎರಡೂ ಕೈಯಿಂದ ಪಕ್ಕದವರ ಕೈ ಮುಟ್ಟಿ, ತಮ್ಮ ಬೆರಳುಗಳಿಗೆ ಮುತ್ತಿಟ್ಟುಕೊಳ್ಳುತ್ತಾರೆ. ಹಿರಿಯರಿಂದ ಕಿರಿಯರಿಗೆ ಸಾಗುತ್ತ ಅದು ಇಡೀ ಸಭೆ ಸುತ್ತುತ್ತದೆ. ಎಣಿಕೆಗೆ ಬಾರದ ನನ್ನನ್ನೂ ಅದರಲ್ಲಿ ಬಿಡುವುದಿಲ್ಲ.

ಕಟ್ಟುಪಾಡಿನ ಮಟ್ಟಿಗೆ ಇವರು ಅಷ್ಟು ಬಿಗಿಯಲ್ಲ. ಶಬ್ಬತ್‌ನಂದು ವಾಹನ ಹತ್ತಬಾರದು ಎಂಬುದು ನಿಯಮ, ಆದರೆ ಸಿನಗಾಗ್‌ನಿಂದ ದೂರ ಇರುವ ಅನೇಕರು ರಿಕ್ಷಾದಲ್ಲೋ ಟ್ರೇನಿನಲ್ಲೋ ಬರುತ್ತಾರೆ. ಕೊಂಕಣದಲ್ಲಿ ಇವರ ಪೂರ್ವಜರು ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ಶನಿವಾರ ತೇಲಿ ಎಂದು ಕರೆದದ್ದು. ಗಾಣ ನಿಲ್ಲಿಸುವುದು ತಮ್ಮ ಕೈಯಲ್ಲಿತ್ತು. ಶನಿವಾರವೂ ಕೆಲಸವಿರುವ ಆಫೀಸುಗಳು ಬಂದ ಮೇಲೆ ಮಾತು ಬೇರೆಯಾಯಿತು. ನಿಯಮ ಸಡಿಲಿಸಿ ಬಂದು ಹತ್ತರಲ್ಲಿ ಒಬ್ಬನಾಗುವುದು ಮೇಲೋ, ನಿಯಮ ಪಾಲಿಸಿ ಮನೆಯಲ್ಲಿ ಉಳಿಯುವುದು ಮೇಲೋ ಎಂಬ ವಾದ ನಾನು ಕೇಳಿದ್ದೇನೆ. ಕಾಕಾ ಯಾವ ಪಕ್ಷ ಎಂದು ನೀವೇ ಊಹಿಸಬಹುದು. ಶನಿವಾರ ಕತ್ತಲಾಗಿ ಮೂರು ನಕ್ಷತ್ರ ಕಂಡ ಮೇಲೆ ಹವ್ದಾಲಾ: ದೀಪ, ಮೂಸಿ ನೋಡಲು ಪರಿಮಳದ ವಸ್ತು, ಮತ್ತೆ ಅದೇ ಶರಬತ್ತು. ಅಲ್ಲಿಗೆ ಶಬ್ಬತ್ ಮುಗಿಯಿತು.

ಪ್ರಾರ್ಥನೆಯ ಆಚೆಗೆ ಜನ ಸೇರುವುದು ಮಲೀದಾಕ್ಕೆ. ಇದು ಬೆನೆ ಇಸ್ರೇಲರಿಗೇ ವಿಶಿಷ್ಟ. ಹರಕೆ ತೀರಿದಾಗ, ಮದುವೆಯ ಮುಂಚೆ, ಹೊಸ ಮನೆ ಹೊಕ್ಕಾಗ ಪ್ರವಾದಿ ಎಲಿಯಾಹುವನ್ನು ನೆನೆದು ಹಾಡಿ, ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಜೊತೆಗೆ ಬಗೆಬಗೆ ಹಣ್ಣು ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ಸ್ತುತಿ ಹೇಳಿ ಹಂಚುತ್ತಾರೆ. ಬೆಲ್ಲದ ಬದಲು ಸಕ್ಕರೆ ಅನ್ನುವುದು ಬಿಟ್ಟರೆ ನಮ್ಮ ಅವಲಕ್ಕಿ ಪಂಚಕಜ್ಜಾಯವೇ. ಅಲಿಬಾಗ್ ಹತ್ತಿರದ ಖಂಡಾಲಾ ಎಂಬ ಹಳ್ಳಿಯಲ್ಲಿ ಒಂದು ಬಂಡೆಯಿದೆ, ಎಲಿಯಾಹುವಿನ ರಥ ಸ್ವರ್ಗಕ್ಕೆ ಏರಿದಾಗ ಬಿದ್ದ ಗುರುತು ಅದರ ಮೇಲಿದೆ ಎಂಬ ನಂಬಿಕೆ. ಹರಕೆ ಹೊತ್ತವರು ಬಸ್ಸು ಮಾಡಿಕೊಂಡು ಅಲ್ಲಿಗೇ ಹೋಗಿ ಮಲೀದಾ ಮಾಡುತ್ತಾರೆ.

ಹಬ್ಬಗಳ ಪಟ್ಟಿ ಕೊಡಲು ಹೋಗುವುದಿಲ್ಲ, ಅದು ಎಲ್ಲೆಡೆ ಸಿಗುತ್ತದೆ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನಂದು ಮಾತ್ರ ಸಿನಗಾಗ್ ಪೂರ್ತಿ ತುಂಬುತ್ತದೆ: ಸುಮಾರು 25 ತಾಸಿನ ನಿರ್ಜಲ ಉಪವಾಸ, ಎಲ್ಲರೂ ಬಿಳಿ ಬಟ್ಟೆ. ವರ್ಷವಿಡೀ ಮುಖ ತೋರಿಸದವರೂ ಅವತ್ತು ಬರುತ್ತಾರೆ, ಹತ್ತರ ಚಿಂತೆ ಯಾರಿಗೂ ಇರುವುದಿಲ್ಲ.

ಆ ಚಿಂತೆ ಯಾಕೆ ಬಂತು ಎಂದರೆ, 1950ರ ಸುಮಾರಿಗೆ ಇಪ್ಪತ್ತು ಸಾವಿರದ ಆಸುಪಾಸು ಇದ್ದ ಬೆನೆ ಇಸ್ರೇಲರು ಈಗ ಭಾರತದಲ್ಲಿ ಐದು ಸಾವಿರವೂ ಇಲ್ಲ. ಬಹುಪಾಲು ಇಸ್ರೇಲಿಗೆ ಹೋದರು. ಓಡಿಸಿದ್ದಕ್ಕೆ ಹೋದವರಲ್ಲ, ತಾವಾಗಿ ಹೋದವರು. ಮಹಾರಾಷ್ಟ್ರ ಸರ್ಕಾರ ಇವರಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟದ್ದು 2016ರಲ್ಲಿ. ಠಾಣೆಯ ಶಾರ್ ಹಶಾಮಾಯಿಮ್ (1879) ಇವತ್ತಿಗೂ ಜನ ತುಂಬಿದ ಸಿನಗಾಗ್. ಮುಂಬೈಯ ಕೆಲವು ಹಳೆಯ, ಭವ್ಯ ಸಿನಗಾಗ್‌ಗಳಿಗೆ ಕಟ್ಟಡಕ್ಕೆ ಕೊರತೆಯಿಲ್ಲ, ಹತ್ತು ಜನಕ್ಕೆ ಕೊರತೆ.

ಮುಂಬೈಯ ಎಲ್ಲಕ್ಕಿಂತ ಹಳೆಯದು ಮಸ್ಜಿದ್ ಬಂದರ್ ಹತ್ತಿರದ ಶಾರ್ ಹರಹಾಮೀಮ್, 1796ರದು. ಅದರ ಹಿಂದೆ ಮೈಸೂರಿನ ಕಥೆಯಿದೆ. ಕಟ್ಟಿಸಿದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಕಂಪನಿ ಸೇನೆಯ ಅಧಿಕಾರಿ. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದವನು. ಯಾವ ಜಾತಿ ಎಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಕುರಾನಿನಲ್ಲಿ ಬರುವ ಆ ಜನರನ್ನು ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ತಡೆದಳಂತೆ. ಉಳಿದು ಬಂದರೆ ಪ್ರಾರ್ಥನಾಮಂದಿರ ಕಟ್ಟಿಸುತ್ತೇನೆ ಎಂದು ಹೊತ್ತ ಹರಕೆ ತೀರಿಸಿದ. ತಾಯಿಯ ಮಾತು ಸಮುದಾಯದ ನೆನಪಿನಲ್ಲಿ ಉಳಿದ ಕಥೆ, ಸೆರೆ ಮತ್ತು ಸಿನಗಾಗ್ ಇತಿಹಾಸ.

ಇನ್ನು ಕೊನೆಯ ಪ್ರಶ್ನೆ. ಹೋಗಬಹುದು, ಆದರೆ ದೇವಸ್ಥಾನಕ್ಕೆ ಹೋದ ಹಾಗೆ ಸುಮ್ಮನೆ ನುಗ್ಗುವಂತಿಲ್ಲ. 2008ರ ನವೆಂಬರ್‌ನಲ್ಲಿ ಕೊಲಾಬಾದ ನರಿಮನ್ ಹೌಸ್ ಎಂಬ ಯಹೂದಿ ಕೇಂದ್ರದ ಮೇಲೆ ದಾಳಿಯಾದ ನಂತರ ಸಿನಗಾಗ್‌ಗಳ ಎದುರು ಪೊಲೀಸರಿರುತ್ತಾರೆ. ಗುರುತಿನ ಚೀಟಿ ಕೇಳುತ್ತಾರೆ, ಚೀಲ ನೋಡುತ್ತಾರೆ, ಮುಖ ಗಂಟಿಕ್ಕಬೇಡಿ. ಕಟ್ಟಡ ನೋಡುವುದಷ್ಟೇ ಆಸೆಯಾದರೆ ವಾರದ ದಿನ ಹಗಲು ಹೊತ್ತು ಕಾಲಾ ಘೋಡಾದ ನೀಲಿ ಬಣ್ಣದ ಕೆನೆಸೆತ್ ಎಲಿಯಾಹೂಗೆ ಹೋಗಿ; 1884ರಲ್ಲಿ ಸಸೂನ್ ಮನೆತನ ಕಟ್ಟಿಸಿದ್ದು, 2019ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಪ್ರಾರ್ಥನೆಯನ್ನೇ ನೋಡಬೇಕೆಂದರೆ ಪರಿಚಯದವರ ಮೂಲಕ ಮೊದಲೇ ಹೇಳಿಸಿ ಶುಕ್ರವಾರ ಸಂಜೆ ಹೋಗಿ, ಶನಿವಾರದ ಮೂರು ತಾಸಿಗೆ ಮೊದಲ ಸಲವೇ ಕೂರಬೇಡಿ. ಗಂಡಸರು ತಲೆ ಮುಚ್ಚಬೇಕು, ಟೋಪಿ ಅಲ್ಲೇ ಕೊಡುತ್ತಾರೆ. ಶಬ್ಬತ್‌ನಲ್ಲಿ ಮೊಬೈಲ್ ಆಫ್ ಮಾಡಿ ಜೇಬಿನಲ್ಲೇ ಇರಲಿ, ಫೋಟೋ ಬೇಡ, ಬರೆದುಕೊಳ್ಳುವುದೂ ಬೇಡ. ಎಲ್ಲರೂ ಎದ್ದಾಗ ಎದ್ದು ನಿಲ್ಲಿ. ಮುಗಿದ ಮೇಲೆ 'ಶಬ್ಬತ್ ಶಾಲೋಮ್' ಅನ್ನಿ, ಶರಬತ್ತು ಕೊಟ್ಟರೆ ಬೇಡ ಅನ್ನಬೇಡಿ.